ಮನೆಯಲ್ಲಿ ಯಾರ ನೆರವೂ ಇಲ್ಲದೆ ಹೆರುವುದಾ, ಮಿಡ್‌ವೈಫ್ ಜೊತೆಗಾ, ಆಸ್ಪತ್ರೆಯಲ್ಲಾ? ನಿರ್ಧಾರ ಮಾಡುವ ಮೊದಲು

ಒಂದೇ ತಿಂಗಳಲ್ಲಿ ಮೂವರು ಬಸುರಿಯರು ನನ್ನನ್ನು ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು. "ಅಕ್ಕಾ, ಆಸ್ಪತ್ರೆಗೆ ಹೋಗಲೇಬೇಕಾ? ಡಾಕ್ಟರ್, ನರ್ಸ್ ಯಾರೂ ಇಲ್ಲದೆ ಮನೆಯಲ್ಲೇ ಹೆತ್ತರೆ ಆಗಲ್ವಾ?" ಒಬ್ಬಳಿಗೆ ಮೊದಲ ಹೆರಿಗೆಯಲ್ಲಿ ಆದ ಅವಮಾನ ಇನ್ನೂ ಆರಿಲ್ಲ. ಇನ್ನೊಬ್ಬಳಿಗೆ ಹೊಟ್ಟೆ ಕೊಯ್ಯುತ್ತಾರೆ ಅನ್ನುವ ಭಯ. ಮೂರನೆಯವಳಿಗೆ ದುಡ್ಡಿನ ಚಿಂತೆ. ಮೂರೂ ನಿಜವಾದ ಕಾರಣಗಳೇ. ಯಾವುದನ್ನೂ "ಸುಮ್ನೆ ಹಟ" ಅಂತ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ನಾನು ಡಾಕ್ಟರ್ ಅಲ್ಲ, ಎರಡು ಹೆತ್ತವಳು. ಮೊದಲ ಹೆರಿಗೆ ಒಂದು ಆಸ್ಪತ್ರೆಯಲ್ಲಿ ಆಯಿತು. ಅಲ್ಲಿ ನನ್ನನ್ನು ಕೇಳದೆಯೇ ಕೆಳಗೆ ಕತ್ತರಿಸಿದರು. ನೋವಿಗೆ ಕೂಗಿದ್ದಕ್ಕೆ ಗದರಿದರು. ಮಗುವನ್ನು ಎದೆಗೆ ಕೊಡುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಎರಡನೆಯದನ್ನು ಯಾರೂ ಇಲ್ಲದೆ ಮನೆಯಲ್ಲೇ ಹೆರುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದ್ದೆ, ಏಳನೇ ತಿಂಗಳಿನವರೆಗೂ ಅದೇ ಹಟದಲ್ಲಿದ್ದೆ. ಆಮೇಲೆ ಮನಸ್ಸು ಬದಲಾಯಿಸಿದೆ. ಅದಕ್ಕೇ ಈಗ ಇದನ್ನು ಬರೆಯಲು ಬದುಕಿದ್ದೇನೆ ಅಂತ ನಂಬಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಯಾವುದನ್ನು ಅಳೆಯಬೇಕು

ಮನೆ ಒಳ್ಳೇದಾ, ಆಸ್ಪತ್ರೆ ಒಳ್ಳೇದಾ ಅಂತ ಕೇಳಿಕೊಂಡರೆ ಉತ್ತರ ಸಿಗಲ್ಲ. ಈ ಐದು ವಿಷಯ ಕೇಳಿಕೊಳ್ಳಿ.

ಒಂದು, ಈ ಬಸಿರು ಎಂಥದ್ದು. ಬಿಪಿ 140/90 ಮುಟ್ಟಿದೆಯಾ, ಸಕ್ಕರೆ ಇದೆಯಾ, ಅವಳಿಯಾ, ಹಿಂದೆ ಸಿಸೇರಿಯನ್ ಆಗಿದೆಯಾ, ಹಿಮೋಗ್ಲೋಬಿನ್ ಎಷ್ಟಿದೆ, ರಕ್ತದ ಗುಂಪು ನೆಗೆಟಿವಾ, ಮಗು ತಲೆ ಕೆಳಗಾಗಿದೆಯಾ. ದಿನ ತುಂಬುವ ಹೊತ್ತಿಗೂ ನೂರರಲ್ಲಿ 3-4 ಮಕ್ಕಳು ತಲೆ ಬದಲು ಕುಂಡೆಯೋ ಕಾಲೋ ಮುಂದಾಗಿ ಕೂತಿರುತ್ತವೆ. ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ ರಕ್ತ ಹೋಗುವವರೆಗೂ ಹೊರಗಿನಿಂದ ಏನೂ ಗೊತ್ತಾಗದೇ ಇರಬಹುದು, ಸ್ಕ್ಯಾನಿನಲ್ಲಿ ಕಾಣುತ್ತದೆ. ಹಾಗಾಗಿ ಹೆರಿಗೆ ಎಲ್ಲೇ ಆಗಲಿ, ಬಸಿರಿನ ತಪಾಸಣೆ ಬಿಡಬೇಡಿ. ಎರಡೂ ಬೇರೆ ಬೇರೆ ನಿರ್ಧಾರಗಳು. ತುಂಬಾ ಜನ ಒಂದನ್ನು ಬಿಡುವಾಗ ಇನ್ನೊಂದನ್ನೂ ಬಿಟ್ಟುಬಿಡುತ್ತಾರೆ.

ಎರಡು, ನಿಮಿಷಗಳು. ಎಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಬೇಡಿ. ಏನೋ ಸರಿ ಇಲ್ಲ ಅಂತ ಅನಿಸಿದ ಕ್ಷಣದಿಂದ, ಅದನ್ನು ಸರಿ ಮಾಡಬಲ್ಲವರ ಕೈ ನಿಮ್ಮ ಮೈ ಮುಟ್ಟುವವರೆಗೆ ಎಷ್ಟು ನಿಮಿಷ? ಫೋನ್ ಮಾಡುವುದು, ಗಾಡಿ ಬರುವುದು, ಮೆಟ್ಟಿಲು ಇಳಿಸುವುದು, ದಾರಿ, ಗೇಟು, ದಾಖಲಾತಿ, ಡಾಕ್ಟರ್ ಬರುವುದು, ಎಲ್ಲವನ್ನೂ ಸೇರಿಸಿ. "ಆಸ್ಪತ್ರೆ ಇಲ್ಲೇ ಹತ್ತು ನಿಮಿಷ" ಅನ್ನುವವರ ಲೆಕ್ಕ ಕೂಡಿಸಿ ನೋಡಿದರೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಗೆ ಹತ್ತಿರ ಬರುತ್ತದೆ.

ಮೂರು, ಪಕ್ಕದಲ್ಲಿ ಯಾರ ಕೈ ಇರುತ್ತದೆ. ಪ್ರೀತಿ ಇರುವ ಕೈ ಬೇಕು, ಕೆಲಸ ಗೊತ್ತಿರುವ ಕೈಯೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅಂತ ಆಗಲ್ಲ.

ನಾಲ್ಕು, ನಿಮ್ಮ ಮಾತಿಗೆ ಬೆಲೆ ಇದೆಯಾ. ಐದು, ದುಡ್ಡು. ಎಲ್ಲ ಸುಸೂತ್ರವಾದರೆ ಎಷ್ಟು, ಆಗದಿದ್ದರೆ ಎಷ್ಟು, ಎರಡನ್ನೂ ಕೇಳಬೇಕು.

ಯಾರ ನೆರವೂ ಇಲ್ಲದೆ ಮನೆಯಲ್ಲಿ

ಇದನ್ನು ಆರಿಸುವವರ ಮಾತನ್ನು ಮೊದಲು ನೆಟ್ಟಗೆ ಕೇಳಿಸಿಕೊಳ್ಳೋಣ. ಹೆರಿಗೆ ರೋಗವಲ್ಲ, ಮೈಗೆ ಹೆರುವುದು ಗೊತ್ತು ಅನ್ನುತ್ತಾರೆ. ಅದು ಸುಳ್ಳಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 14 ಕೋಟಿ ಹೆರಿಗೆ ಆಗುತ್ತವೆ, ಅವುಗಳಲ್ಲಿ ಹೆಚ್ಚಿನವು ಯಾವ ತೊಡಕೂ ಇಲ್ಲದ ತಾಯಂದಿರವು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಗೊತ್ತಿಲ್ಲದ ಮುಖಗಳು, ಕಣ್ಣು ಕುಕ್ಕುವ ಲೈಟು, ಗದರಿಕೆ, ಇವೆಲ್ಲ ಇದ್ದಾಗ ಹೆದರಿಕೆಯಿಂದ ನೋವು ಹಿಂದೆ ಸರಿಯುತ್ತದೆ ಅನ್ನುತ್ತಾರೆ. ಅದೂ ನಿಜ. ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್ ಹಾರ್ಮೋನಿಗೆ ನೆಮ್ಮದಿ ಬೇಕು, ಭಯದಲ್ಲಿ ಏಳುವ ಅಡ್ರಿನಲಿನ್ ಅದಕ್ಕೆ ಅಡ್ಡ ಬರುತ್ತದೆ. ನನ್ನ ಮೈ, ನನ್ನ ನಿರ್ಧಾರ ಅನ್ನುತ್ತಾರೆ. ಅದಕ್ಕೂ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು "ಹೆಚ್ಚಿನವು ಸುಸೂತ್ರ" ಅನ್ನುವ ಮಾತಿನಿಂದ "ನನ್ನದೂ ಸುಸೂತ್ರ" ಅನ್ನುವ ಮಾತಿಗೆ ಹಾರುವುದರಲ್ಲಿ. ಚೆನ್ನಾಗಿ ಆದವರು ಅದನ್ನು ಎಲ್ಲರಿಗೂ ಹೇಳಿಕೊಳ್ಳುತ್ತಾರೆ, ಫೋಟೋ ಹಾಕುತ್ತಾರೆ. ಆಗದವರ ಮನೆಯಲ್ಲಿ ಹೇಳುವ ಶಕ್ತಿ ಯಾರಿಗೂ ಉಳಿದಿರುವುದಿಲ್ಲ. ಹಾಗಾಗಿ ನಮ್ಮ ಕಿವಿಗೆ ಬೀಳುವ ಕಥೆಗಳೆಲ್ಲ ಒಂದೇ ಕಡೆಯವು.

ಏನೇನು ಆಗಬಹುದು? ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 5ರಿಂದ 10ಕ್ಕೆ ಉಸಿರು ಶುರುವಾಗಲು ಒಂದಿಷ್ಟು ನೆರವು ಬೇಕಾಗುತ್ತದೆ. ತುಂಬಾ ಮಕ್ಕಳಿಗೆ ಒರೆಸಿ ಬೆನ್ನು ಉಜ್ಜಿದರೆ ಸಾಕು. ಕೆಲವಕ್ಕೆ ಮುಖಕ್ಕೆ ಮಾಸ್ಕ್ ಒತ್ತಿ, ಚೀಲ ಹಿಂಡಿ ಉಸಿರು ಕೊಡಬೇಕು, ಅದನ್ನು ಮೊದಲ ನಿಮಿಷದಲ್ಲೇ ಶುರು ಮಾಡಬೇಕು. ವಿಡಿಯೋ ನೋಡಿ ಕಲಿತ ಗಂಡನಿಗೆ ಆ ಒಂದು ನಿಮಿಷದಲ್ಲಿ ಕೈ ನಡುಗದೆ ಇರುತ್ತದೆಯಾ, ನೀವೇ ಹೇಳಿ. ತಲೆ ಬಂದು ಭುಜ ಸಿಕ್ಕಿಹಾಕಿಕೊಳ್ಳುವುದು ಸುಮಾರು ನೂರಕ್ಕೊಂದು ಹೆರಿಗೆಯಲ್ಲಿ ಆಗುತ್ತದೆ. ಅದಕ್ಕೆ ತಾಯಿಯ ಕಾಲು ಹೇಗೆ ಮಡಚಬೇಕು, ಎಲ್ಲಿ ಒತ್ತಬೇಕು ಅಂತ ಕ್ರಮ ಇದೆ, ಗೊತ್ತಿದ್ದವರು ಬಿಡಿಸುತ್ತಾರೆ. ಹೊಕ್ಕುಳ ಬಳ್ಳಿ ಮಗುವಿಗಿಂತ ಮೊದಲೇ ಜಾರಿ ಬರುವುದು ತೀರಾ ಅಪರೂಪ. ಆದರೆ ಬಂದರೆ ಸಾಮಾನ್ಯವಾಗಿ ತಕ್ಷಣ ಆಪರೇಷನ್ ಬೇಕಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಹೆರಿಗೆ ಆದ ಮೇಲಿನ ರಕ್ತಸ್ರಾವ. ಎಲ್ಲರೂ ಮಗುವಿನ ಕಡೆ ನೋಡುತ್ತಾ, ನಗುತ್ತಾ ಇರುವಾಗ ಅದು ಸದ್ದಿಲ್ಲದೆ ಶುರುವಾಗುತ್ತದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೇಲೆ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡಾಗ ಅದರ ಮಾಂಸದ ಎಳೆಗಳೇ ಆ ನಾಳಗಳನ್ನು ಹಿಸುಕಿ ಕಟ್ಟುತ್ತವೆ. ಮುದುಡದೇ ಹೋದರೆ ನಲ್ಲಿ ತೆರೆದಿಟ್ಟ ಹಾಗೆ. ಮೊದಲೇ ಯಾವ ಸೂಚನೆಯೂ ಇಲ್ಲದ, ಎಲ್ಲ ರಿಪೋರ್ಟೂ ಸರಿ ಇದ್ದ ಹೆಂಗಸರಿಗೂ ಇದು ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1.4 ಕೋಟಿ ತಾಯಂದಿರಿಗೆ ಇದು ಆಗುತ್ತಿತ್ತು, ಸುಮಾರು 70 ಸಾವಿರ ಜನ ಸಾಯುತ್ತಿದ್ದರು.

ನನಗೆ ಆಗಿದ್ದೂ ಅದೇ. ಎರಡನೇ ಹೆರಿಗೆ ಆಸ್ಪತ್ರೆಗೆ ಅಂಟಿಕೊಂಡಿದ್ದ ಹೆರಿಗೆ ಕೇಂದ್ರವೊಂದರಲ್ಲಿ ಆಯಿತು. ಮಗು ಬಂತು, ಎದೆ ಮೇಲೆ ಮಲಗಿಸಿದರು, ಮಾಸೂ ಬಂತು. ನಾನು ಮಗುವಿನ ಕಿವಿ ಯಾರ ಹಾಗಿದೆ ಅಂತ ನೋಡುತ್ತಿದ್ದೆ. ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸಲು ತರಬೇತಿ ಪಡೆದವರು, ಸುಮ್ಮನೆ ನನ್ನ ಹೊಟ್ಟೆ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಇದ್ದಕ್ಕಿದ್ದಂತೆ ಅವರ ಮುಖ ಬದಲಾಯಿತು. "ಚೆಂಡಿನ ಹಾಗೆ ಗಟ್ಟಿ ಇರಬೇಕು ಅಮ್ಮಾ, ಸ್ಪಂಜಿನ ಹಾಗಿದೆ" ಅಂದವರೇ ಜೋರಾಗಿ ಉಜ್ಜಲು ಶುರು ಮಾಡಿದರು. ಇನ್ನೊಬ್ಬರು ಓಡಿ ಬಂದು ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಕೈಗೆ ಡ್ರಿಪ್ ಹಾಕಿದರು. ನನ್ನ ಕೆಳಗಿದ್ದ ಬಟ್ಟೆಗಳನ್ನು ತೆಗೆದು ಒಂದು ಸಣ್ಣ ತಕ್ಕಡಿ ಮೇಲೆ ಇಟ್ಟು ತೂಕ ನೋಡಿದರು. ಒಣ ಬಟ್ಟೆಯ ತೂಕ ಕಳೆದರೆ ಉಳಿದ ಒಂದೊಂದು ಗ್ರಾಂ ಹೆಚ್ಚುಕಡಿಮೆ ಒಂದೊಂದು ಮಿಲಿಲೀಟರ್ ರಕ್ತ. 750 ಬಂತು. 500 ದಾಟಿದರೇ ಅಪಾಯದ ಲೆಕ್ಕ. ನನಗೆ ಆಗ ನೋವೂ ಇರಲಿಲ್ಲ, ತಲೆ ಸುತ್ತೂ ಇರಲಿಲ್ಲ. ಆರಾಮಾಗಿದ್ದೆ. ಮನೆಯಲ್ಲಿ ಇದ್ದಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲ, ಗಂಡನಿಗಂತೂ "ಹೆರಿಗೆ ಅಂದಮೇಲೆ ರಕ್ತ ಹೋಗುತ್ತೆ" ಅಂತಲೇ ಅನಿಸುತ್ತಿತ್ತು. ಬಟ್ಟೆ, ಹಾಸಿಗೆ ಎಲ್ಲ ಹೀರಿಕೊಳ್ಳುವುದರಿಂದ ಕಣ್ಣಳತೆಗೆ ಅದು ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ.

ಆ ತಕ್ಕಡಿಯ ಬೆಲೆ ನನಗೆ ಆಮೇಲೆ ಅರ್ಥವಾಯಿತು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದಲ್ಲಿ 2 ಲಕ್ಷಕ್ಕೂ ಜಾಸ್ತಿ ಹೆರಿಗೆಗಳ ಮೇಲೆ ನಡೆದ ಅಧ್ಯಯನವೊಂದು 2023ರಲ್ಲಿ ಬಂತು. ರಕ್ತವನ್ನು ಅಳತೆ ಗುರುತಿರುವ ಹಾಳೆಯಲ್ಲಿ ಹಿಡಿದು, ಮಿತಿ ದಾಟುತ್ತಲೇ ಉಜ್ಜುವುದು, ಔಷಧಿ, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ ಕಡೆ ಗಂಭೀರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ. 60ರಷ್ಟು ಇಳಿದವು. ದೊಡ್ಡ ಯಂತ್ರ ಏನೂ ಬೇಕಾಗಲಿಲ್ಲ. ನೋಡುವ ಕಣ್ಣು, ತಡ ಮಾಡದ ಕೈ, ಒಂದಿಷ್ಟು ಔಷಧಿ, ಅಷ್ಟೇ.

"ಹಿಂದೆಲ್ಲ ಮನೆಯಲ್ಲೇ ಹೆರುತ್ತಿದ್ದರಲ್ವಾ?" ಇದು ಎಲ್ಲರೂ ಕೇಳುವ ಪ್ರಶ್ನೆ. ಹೆರುತ್ತಿದ್ದರು. ಆದರೆ ಒಬ್ಬರೇ ಹೆರುತ್ತಿದ್ದುದು ಕಡಿಮೆ, ಕೈ ಪಳಗಿದ ಹೆಂಗಸೊಬ್ಬಳು ಸಾಮಾನ್ಯವಾಗಿ ಪಕ್ಕದಲ್ಲಿ ಇರುತ್ತಿದ್ದಳು. ಮತ್ತೆ, ಸಾಯುತ್ತಲೂ ಇದ್ದರು. ಸ್ವೀಡನ್ ದೇಶದಲ್ಲಿ ಹಳೇ ಲೆಕ್ಕ ಚೆನ್ನಾಗಿ ಇಟ್ಟಿದ್ದಾರೆ. 1751ರ ಸುಮಾರಿಗೆ ಅಲ್ಲಿ ಒಂದು ಲಕ್ಷ ಹೆರಿಗೆಗೆ ಹತ್ತಿರ ಹತ್ತಿರ 900 ತಾಯಂದಿರು ಸಾಯುತ್ತಿದ್ದರು. 1900ರ ಹೊತ್ತಿಗೆ ಅದು ಸುಮಾರು 230ಕ್ಕೆ ಇಳಿಯಿತು. ಆಗಲೂ ಹೆಚ್ಚಿನ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಬದಲಾದದ್ದು ಏನೆಂದರೆ, ಮನೆಗೆ ತರಬೇತಾದ ಮಿಡ್‌ವೈಫ್‌ಗಳು ಬರತೊಡಗಿದರು, ಆಮೇಲೆ ಕೈ ಮತ್ತು ಸಲಕರಣೆ ಶುದ್ಧ ಮಾಡಿಕೊಳ್ಳುವುದನ್ನು ಕಲಿತರು. ನನಗೆ ಈ ಲೆಕ್ಕ ತುಂಬಾ ಮುಖ್ಯ ಅನಿಸಿತು. ಜೀವ ಉಳಿಸಿದ್ದು ಕಟ್ಟಡ ಅಲ್ಲ, ಪಕ್ಕದಲ್ಲಿದ್ದ ಕೈ.

ಆ ಕೈಯನ್ನೂ ಬೇಡ ಅಂದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಫೇತ್ ಅಸೆಂಬ್ಲಿ ಅನ್ನುವ ಧಾರ್ಮಿಕ ಗುಂಪಿನವರು ವೈದ್ಯರ ನೆರವನ್ನು ಪೂರ್ತಿ ದೂರ ಇಟ್ಟಿದ್ದರು. 1975ರಿಂದ 1982ರವರೆಗಿನ ಅವರ ಹೆರಿಗೆಗಳನ್ನು ನೋಡಿ 1984ರಲ್ಲಿ ವರದಿ ಬಂತು. ಅದೇ ರಾಜ್ಯದ ಉಳಿದವರಿಗೆ ಹೋಲಿಸಿದರೆ ಹುಟ್ಟುವ ಆಸುಪಾಸಿನಲ್ಲಿ ಮಕ್ಕಳ ಸಾವು ಸುಮಾರು ಮೂರು ಪಟ್ಟು, ತಾಯಂದಿರ ಸಾವು ಹತ್ತಿರ ಹತ್ತಿರ ನೂರು ಪಟ್ಟು. ಸಣ್ಣ ಗುಂಪು, ಒಪ್ಪುತ್ತೇನೆ. ಆದರೂ ನೂರು ಪಟ್ಟು ಅನ್ನುವುದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಳನೇ ತಿಂಗಳಲ್ಲಿ ಮನಸ್ಸು ಬದಲಾಯಿಸಿದ್ದು ಅವತ್ತೇ.

ದುಡ್ಡಿನ ಮಾತು. ಇದು ಎಲ್ಲಕ್ಕಿಂತ ಅಗ್ಗ, ಎಲ್ಲ ಸರಿಯಾದರೆ. ಆಗದಿದ್ದರೆ ಆಂಬುಲೆನ್ಸ್, ರಕ್ತ, ಐಸಿಯು, ಮಗುವಿಗೆ ಇನ್‌ಕ್ಯುಬೇಟರ್, ಎಲ್ಲಕ್ಕಿಂತ ದುಬಾರಿ. ನಡುವಿನ ದರ ಅಂತ ಇಲ್ಲಿ ಇಲ್ಲ.

ಅನುಭವಸ್ಥ ಹೆಂಗಸಿನ ಜೊತೆ

ತರಬೇತಿ ಇಲ್ಲದ ಸೂಲಗಿತ್ತಿ, ನಾಲ್ಕಾರು ಹೆರಿಗೆ ನೋಡಿದ ಹಿರಿಯರು, ಅಥವಾ ಈಗೀಗ ಜೊತೆಗೆ ಬರುವ ಡೌಲಾ. ಧೈರ್ಯ ಹೇಳಲು, ಬೆನ್ನು ಒತ್ತಲು, ಉಸಿರು ಹೇಗೆ ಬಿಡಬೇಕು ಅಂತ ನೆನಪಿಸಲು ಇವರಷ್ಟು ಒಳ್ಳೆಯವರು ಇಲ್ಲ. ಆದರೆ ಡೌಲಾ ವೈದ್ಯಕೀಯ ಕೆಲಸ ಮಾಡುವವಳಲ್ಲ, ಅವಳೇ ಅದನ್ನು ಹೇಳುತ್ತಾಳೆ. ರಕ್ತಸ್ರಾವ ನಿಲ್ಲಿಸುವ ಔಷಧಿ ಇವರ ಹತ್ತಿರ ಇರಲ್ಲ. ನನ್ನ ಮಟ್ಟಿಗೆ ಇದು ಮೊದಲ ಆಯ್ಕೆಗಿಂತ ಬೇರೆ ಆಯ್ಕೆಯೇ ಅಲ್ಲ. ಇವರನ್ನು ಬಿಡಬೇಡಿ, ಮುಂದೆ ಹೇಳುವ ಯಾವುದಾದರೊಂದಕ್ಕೆ ಜೊತೆಗೆ ಕರೆದುಕೊಂಡು ಹೋಗಿ.

ಮನೆಯಲ್ಲಿ, ತರಬೇತಾದ ಮಿಡ್‌ವೈಫ್ ಜೊತೆ

ಮನೆಯಲ್ಲೇ ಆಗಬೇಕು ಅನ್ನುವ ಆಸೆ ಗಟ್ಟಿಯಾಗಿದ್ದರೆ ಯೋಚಿಸಬೇಕಾದದ್ದು ಇದನ್ನು. ಇದಕ್ಕೂ ಮೊದಲ ಆಯ್ಕೆಗೂ ಅಜಗಜಾಂತರ. ಇಂಗ್ಲೆಂಡಿನಲ್ಲಿ ತೊಡಕಿಲ್ಲದ ಸುಮಾರು 64,500 ಹೆರಿಗೆಗಳನ್ನು ಹೋಲಿಸಿ 2011ರಲ್ಲಿ ದೊಡ್ಡ ಅಧ್ಯಯನವೊಂದು ಬಂತು. ಮೊದಲೇ ಒಂದು ಹೆತ್ತವರಲ್ಲಿ, ಮಿಡ್‌ವೈಫ್ ಜೊತೆ ಮನೆಯಲ್ಲಿ ಹೆರಲು ಹೊರಟವರ ಮತ್ತು ಆಸ್ಪತ್ರೆಗೆ ಹೋದವರ ಮಕ್ಕಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊಯ್ತ, ಇಕ್ಕಳದಂಥ ಹಸ್ತಕ್ಷೇಪಗಳೂ ಕಡಿಮೆ. ಚೊಚ್ಚಲ ಹೆರಿಗೆಯಲ್ಲಿ ಮಾತ್ರ ಕಥೆ ಬೇರೆ. ಸಾವು, ಮಿದುಳಿಗೆ ಪೆಟ್ಟು, ಭುಜದ ಮೂಳೆ ಮುರಿಯುವಂಥ ತೊಂದರೆಗಳನ್ನೆಲ್ಲ ಒಟ್ಟಿಗೆ ಎಣಿಸಿದಾಗ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯಲ್ಲಿ 9.3 ಆಯಿತು. ಚೊಚ್ಚಲದವರಲ್ಲಿ ನೂರಕ್ಕೆ 45 ಜನರನ್ನು ನಡುವೆಯೋ ಹೆರಿಗೆಯಾದ ಕೂಡಲೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಅದು ನೂರಕ್ಕೆ 12.

ಚೊಚ್ಚಲ ಹೆರಿಗೆಯನ್ನು ಮನೆಯಲ್ಲಿ ಯೋಚಿಸುತ್ತಿರುವವರು ಆ 45ನ್ನು ಸ್ವಲ್ಪ ಹೊತ್ತು ನೋಡಿ. ನೋವು ತಿನ್ನುತ್ತಾ ಗಾಡಿಯಲ್ಲಿ ಹೋಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಇನ್ನೊಂದು ಮಾತು, ಅಲ್ಲಿ ಮಿಡ್‌ವೈಫ್ ಫೋನ್ ಮಾಡಿದರೆ ಆಸ್ಪತ್ರೆ ಬಾಗಿಲು ತೆರೆದಿರುತ್ತಿತ್ತು, ವ್ಯವಸ್ಥೆ ಒಂದೇ. ಅಂಥ ಕೊಂಡಿ ಇಲ್ಲದ ಕಡೆ ಈ ಲೆಕ್ಕ ನಿಮಗೆ ಅನ್ವಯಿಸಲ್ಲ.

ಹಾಗಾಗಿ ಮಿಡ್‌ವೈಫ್‌ಗೆ ಸಂಕೋಚ ಇಲ್ಲದೆ ಕೇಳಿ: ನೋಂದಣಿ ಇದೆಯಾ? ಹೆರಿಗೆ ಹೊತ್ತಿಗೆ ತರಬೇತಿ ಇರುವ ಇಬ್ಬರು ಬರುತ್ತೀರಾ? (ಒಬ್ಬರು ತಾಯಿಗೆ, ಒಬ್ಬರು ಮಗುವಿಗೆ. ಇಬ್ಬರಿಗೂ ಒಟ್ಟಿಗೆ ತೊಂದರೆ ಆಗಬಹುದು ಅಲ್ವಾ.) ಬ್ಯಾಗಿನಲ್ಲಿ ಆಕ್ಸಿಟೋಸಿನ್, ಡ್ರಿಪ್, ಮಗುವಿನ ಮಾಸ್ಕ್ ಮತ್ತು ಚೀಲ, ಬಿಪಿ ನೋಡುವುದು, ಎದೆಬಡಿತ ಕೇಳುವುದು ಇದೆಯಾ, ತೆಗೆದು ತೋರಿಸಿ. ಯಾವ ಆಸ್ಪತ್ರೆಗೆ ಸಾಗಿಸುತ್ತೀರಿ, ಅವರಿಗೆ ಮೊದಲೇ ಗೊತ್ತಾ? ಯಾವಾಗ "ಇನ್ನು ಮನೆಯಲ್ಲಿ ಆಗಲ್ಲ" ಅನ್ನುತ್ತೀರಿ? ಕೊನೆಯ ಪ್ರಶ್ನೆಗೆ "ಹಾಗೇನೂ ಆಗಲ್ಲ ಬಿಡಿ" ಅಂತ ಉತ್ತರ ಬಂದರೆ ಅವರನ್ನು ಬಿಡಿ. ಒಳ್ಳೆ ಮಿಡ್‌ವೈಫ್ ಹತ್ತಿರ ಉದ್ದ ಪಟ್ಟಿಯೇ ಇರುತ್ತದೆ.

ಅವಳಿ, ಕಾಲು ಮುಂದಾದ ಮಗು, ಬಿಪಿ, ಇನ್ಸುಲಿನ್ ಬೇಕಾದ ಸಕ್ಕರೆ, ಹಿಂದಿನ ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿದ್ದದ್ದು, ಇವುಗಳಲ್ಲಿ ಒಂದಿದ್ದರೂ ಮನೆ ಬೇಡ. ಹಿಂದೆ ಸಿಸೇರಿಯನ್ ಆಗಿದ್ದರೂ ಬೇಡ. ಸಹಜ ಹೆರಿಗೆಗೆ ಪ್ರಯತ್ನಿಸಿದಾಗ ಸುಮಾರು 200ಕ್ಕೆ ಒಬ್ಬರಲ್ಲಿ ಹಳೇ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುತ್ತದೆ. ಆಗ ಉಳಿಯುವುದು ಕೆಲವೇ ನಿಮಿಷ.

ಹೆರಿಗೆ ಕೇಂದ್ರ

ಮಿಡ್‌ವೈಫ್‌ಗಳೇ ನಡೆಸುವ, ಮನೆಯ ಕೋಣೆಯ ಹಾಗಿರುವ ಜಾಗ. ಕೆಲವು ಆಸ್ಪತ್ರೆಯ ಒಳಗೇ ಇರುತ್ತವೆ, ಕೆಲವು ದೂರದಲ್ಲಿ ಒಂಟಿಯಾಗಿ. ಅದೇ ಇಂಗ್ಲೆಂಡಿನ ಅಧ್ಯಯನದಲ್ಲಿ, ಚೊಚ್ಚಲದವರಿಗೂ ಇಲ್ಲಿ ಮಕ್ಕಳ ಸ್ಥಿತಿ ಆಸ್ಪತ್ರೆಗಿಂತ ಕೆಟ್ಟದಿರಲಿಲ್ಲ, ಸಿಸೇರಿಯನ್ ಕಡಿಮೆ ಇತ್ತು. ನಾನು ಇದನ್ನೇ ಆರಿಸಿದೆ. ಮಬ್ಬು ಬೆಳಕು, ಓಡಾಡಲು ಜಾಗ, ಗಂಡ ಮತ್ತು ಅಕ್ಕ ಇಬ್ಬರೂ ಪಕ್ಕದಲ್ಲಿ, ಮಂಡಿಯೂರಿ ಹೆತ್ತೆ. ಮನೆಯಲ್ಲಿ ಏನೇನು ಬೇಕು ಅಂತ ಪಟ್ಟಿ ಮಾಡಿದ್ದೆನೋ ಅದರಲ್ಲಿ ಮುಕ್ಕಾಲು ಪಾಲು ಅಲ್ಲೇ ಸಿಕ್ಕಿತು. ಇಂಥ ಕೇಂದ್ರ ಎಲ್ಲ ಕಡೆ ಇಲ್ಲ, ಅದೇ ದೊಡ್ಡ ಕೊರತೆ. ಇದ್ದರೆ ಗೋಡೆಯ ಆಚೆಗೇ ಆಪರೇಷನ್ ಕೋಣೆ ಇರುವುದನ್ನು ಆರಿಸಿ, ಬರೀ ಚೆಂದದ ಕೋಣೆ ನೋಡಿ ಮರುಳಾಗಬೇಡಿ.

ಆಸ್ಪತ್ರೆ

ಭಯ ಹುಟ್ಟಿರುವುದೇ ಇಲ್ಲಿಂದ. ಅದು ಇವತ್ತಿನದಲ್ಲ. 1840ರ ದಶಕದಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗ ಇದ್ದವು. ವೈದ್ಯ ವಿದ್ಯಾರ್ಥಿಗಳಿದ್ದ ವಿಭಾಗದಲ್ಲಿ, ಮಿಡ್‌ವೈಫ್‌ಗಳಿದ್ದ ವಿಭಾಗಕ್ಕಿಂತ ಎಷ್ಟೋ ಜಾಸ್ತಿ ಬಾಣಂತಿಯರು ನಂಜಾಗಿ ಸಾಯುತ್ತಿದ್ದರು. ಆ ವಿಭಾಗಕ್ಕೆ ಬೇಡ ಅಂತ ಹೆಂಗಸರು ಬೇಡಿಕೊಳ್ಳುತ್ತಿದ್ದರು. ಶವ ಮುಟ್ಟಿದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದುದು ಕಾರಣ ಅಂತ ಕಂಡುಕೊಂಡು 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ್ ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಹೆಂಗಸರ ಭಯದಲ್ಲಿ ನಿಜ ಇತ್ತು. ಇವತ್ತಿನ ಭಯದಲ್ಲೂ ಇದೆ. ಹೆರಿಗೆ ಹೊತ್ತಿನ ಬೈಗುಳ, ಹೊಡೆತ, ಒಪ್ಪಿಗೆ ಕೇಳದೆ ಮಾಡುವ ಕೆಲಸಗಳು ತಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಜಗತ್ತಿನಲ್ಲಿ ಈಗ ಐದರಲ್ಲಿ ಒಂದಕ್ಕಿಂತ ಜಾಸ್ತಿ ಹೆರಿಗೆ ಸಿಸೇರಿಯನ್. ಅವುಗಳಲ್ಲಿ ಎಲ್ಲವೂ ಬೇಕಾಗಿ ಆದದ್ದಲ್ಲ ಅನ್ನುವುದೂ ಗೊತ್ತಿರುವ ಮಾತೇ.

ಆದರೆ ನಿಮ್ಮ ಕೈಗೂ ಒಂದು ಆಯುಧ ಇದೆ. ಅದೇ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಗಳನ್ನು ಓದಿಕೊಂಡು ಹೋಗಿ. ನಿಮಗೆ ಬೇಕಾದವರು ಒಬ್ಬರು ಹೆರಿಗೆಯುದ್ದಕ್ಕೂ ಜೊತೆಗಿರಬಹುದು. ಎಲ್ಲರಿಗೂ ಕೆಳಗೆ ಕತ್ತರಿಸುವುದು, ಕೂದಲು ಬೋಳಿಸುವುದು, ಎನಿಮಾ ಕೊಡುವುದು ಬೇಡ. ತೊಡಕಿಲ್ಲದವರು ನೋವಿನ ನಡುವೆ ತಿನ್ನಬಹುದು, ಕುಡಿಯಬಹುದು, ಓಡಾಡಬಹುದು, ಕೂತೋ ನಿಂತೋ ಹೆರಬಹುದು. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯುವ ಮೊದಲು "ತಡವಾಯಿತು" ಅಂತ ಅವಸರ ಮಾಡಬಾರದು. ಬಳ್ಳಿಯನ್ನು ಒಂದು ನಿಮಿಷ ಆದಮೇಲೆ ಕತ್ತರಿಸಿದರೆ ಸಾಕು. ಚೆನ್ನಾಗಿರುವ ಮಗು ಮೊದಲ ಗಂಟೆ ತಾಯಿಯ ಮೈಗೆ ಮೈ ತಾಗಿಕೊಂಡಿರಬೇಕು. ಮನೆಯಲ್ಲಿ ಹೆರಬೇಕು ಅನ್ನುವವರು ಕೇಳುವುದು ಹೆಚ್ಚುಕಡಿಮೆ ಇದನ್ನೇ ಅಲ್ವಾ?

ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳುವುದು ಬರೀ ಸಮಾಧಾನಕ್ಕಲ್ಲ. 15 ಸಾವಿರಕ್ಕೂ ಜಾಸ್ತಿ ಹೆಂಗಸರ ಮೇಲಿನ 26 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2017ರ ವಿಮರ್ಶೆಯಲ್ಲಿ, ಬಿಡದೆ ಜೊತೆಗೊಬ್ಬರು ಇದ್ದವರಿಗೆ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ. ಹಾಗಾಗಿ ಆಸ್ಪತ್ರೆ ಆರಿಸುವಾಗ "ಲೇಬರ್ ವಾರ್ಡಿನ ಒಳಗೆ ಒಬ್ಬರನ್ನು ಬಿಡುತ್ತೀರಾ?" ಅನ್ನುವುದು ನನ್ನ ಮೊದಲ ಪ್ರಶ್ನೆ. ಎರಡನೆಯದು, ರಾತ್ರಿ ಎರಡು ಗಂಟೆಗೆ ಅರಿವಳಿಕೆ ಡಾಕ್ಟರ್ ಒಳಗೇ ಇರುತ್ತಾರಾ, ಫೋನ್ ಮಾಡಿ ಕರೆಸುತ್ತಾರಾ? ರಕ್ತ ಎಲ್ಲಿಂದ ಬರುತ್ತದೆ? ಮಗುವಿಗೆ ತೊಂದರೆಯಾದರೆ ಇಲ್ಲೇ ನೋಡುತ್ತಾರಾ, ಬೇರೆ ಕಡೆ ಕಳಿಸುತ್ತಾರಾ? ಚಿಕ್ಕ ಆಸ್ಪತ್ರೆಯಲ್ಲಿ ಹೆಸರು ಹಿಡಿದು ಮಾತಾಡಿಸುತ್ತಾರೆ, ಆದರೆ ಈ ಮೂರಕ್ಕೂ ಉತ್ತರ ತಡವರಿಸಬಹುದು. ದೊಡ್ಡದರಲ್ಲಿ ಎಲ್ಲ ಇರುತ್ತದೆ, ನೀವು ಒಂದು ಹಾಸಿಗೆ ನಂಬರ್ ಆಗಬಹುದು. ಬಸಿರಿನಲ್ಲಿ ಏನಾದರೂ ತೊಡಕಿದ್ದರೆ ನಂಬರ್ ಆದರೂ ಪರವಾಗಿಲ್ಲ, ದೊಡ್ಡದಕ್ಕೇ ಹೋಗಿ.

ಯಾರಿಗೆ ಯಾವುದು

ಚೊಚ್ಚಲ, ತೊಡಕಿಲ್ಲ: ಆಸ್ಪತ್ರೆಗೆ ಅಂಟಿಕೊಂಡ ಹೆರಿಗೆ ಕೇಂದ್ರ ಇದ್ದರೆ ಅದು, ಇಲ್ಲದಿದ್ದರೆ ಜೊತೆಗೊಬ್ಬರನ್ನು ಬಿಡುವ ಆಸ್ಪತ್ರೆ. ಎರಡನೆಯದೋ ಮೂರನೆಯದೋ, ಹಿಂದಿನವೆಲ್ಲ ಸಹಜ, ಮನೆಯ ಆಸೆ ಇದೆ, ಒಳ್ಳೆ ಮಿಡ್‌ವೈಫ್ ಸಿಕ್ಕಿದ್ದಾರೆ, ನಿಮಿಷದ ಲೆಕ್ಕ ಸಣ್ಣದು: ಮನೆಯಲ್ಲಿ ಮಿಡ್‌ವೈಫ್ ಜೊತೆ ಹೆರುವುದು ಯೋಚಿಸಬಹುದಾದ ದಾರಿ. ತೊಡಕಿದೆ: ದೊಡ್ಡ ಆಸ್ಪತ್ರೆ, ಎರಡು ಮಾತಿಲ್ಲ.

ದುಡ್ಡು ಕಮ್ಮಿ ಇದ್ದರೆ ಸರ್ಕಾರಿ ಆಸ್ಪತ್ರೆ. ಗದ್ದಲ ಇರಬಹುದು, ಆದರೆ ಆಪರೇಷನ್ ಬೇಕಾದರೆ ಬಿಲ್ ನೋಡಿ ಎದೆ ಒಡೆಯುವ ಸಂದರ್ಭ ಸಾಮಾನ್ಯವಾಗಿ ಕಡಿಮೆ. ಖಾಸಗಿಯಾದರೆ ಸಹಜ ಹೆರಿಗೆ, ಸಿಸೇರಿಯನ್, ಮಗುವಿನ ಐಸಿಯು ಮೂರರ ದರವನ್ನೂ ಮೊದಲೇ ಬರೆಸಿಕೊಳ್ಳಿ.

ಹಿಂದಿನ ಹೆರಿಗೆಯ ಗಾಯ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದರೆ, ನನ್ನ ಹಾಗೆ, ಒಂದು ಕೆಲಸ ಮಾಡಿ. ಅಲ್ಲಿ ಏನೇನು ಆಗಿತ್ತು, ಅದರಲ್ಲಿ ಏನು ಮತ್ತೆ ಆಗಲೇಬಾರದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಹಿಡಿದು ಎರಡು ಮೂರು ಕಡೆ ಹೋಗಿ ಕೇಳಿ. ನಾನು ನಾಲ್ಕನೇ ಕಡೆಯಲ್ಲಿ ಒಪ್ಪಿದೆ. ಅಲ್ಲಿನ ಮಿಡ್‌ವೈಫ್ ಆ ಹಾಳೆಯನ್ನು ಓದಿ, ಕನ್ನಡಕ ತೆಗೆದು, "ಇದೆಲ್ಲ ಆದದ್ದಕ್ಕೆ ಬೇಜಾರಾಗುತ್ತಿದೆ" ಅಂದರು. ಆಮೇಲೆ ಒಂದೊಂದಾಗಿ ಇದು ಆಗುತ್ತೆ, ಇದು ಆಗಲ್ಲ, ಯಾಕೆ ಆಗಲ್ಲ ಅಂತ ಹೇಳಿದರು. ನನಗೆ ಬೇಕಾಗಿದ್ದು ಅಷ್ಟೇ ಇತ್ತು.

ಎಲ್ಲಿಗೋ ಹೋಗುವುದು ಅಂತ ನಿರ್ಧಾರ ಮಾಡಿದ್ದರೂ ಮಗು ಅವಸರ ಮಾಡಿ ಮನೆಯಲ್ಲೇ ಬಂದುಬಿಡಬಹುದು. ಅದಕ್ಕೆ ಮನೆಯವರಿಗೆ ಇಷ್ಟು ಗೊತ್ತಿರಲಿ. ಮೊದಲು ತುರ್ತು ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ಅವರು ಹೇಳಿದ ಹಾಗೆ ಮಾಡಿ. ಕೈ ತೊಳೆದುಕೊಳ್ಳಿ. ಮಗುವನ್ನು ಎಳೆಯಬೇಡಿ, ಬಂದ ಹಾಗೆ ಹಿಡಿದುಕೊಳ್ಳಿ. ಒಣ ಬಟ್ಟೆಯಲ್ಲಿ ತಕ್ಷಣ ಚೆನ್ನಾಗಿ ಒರೆಸಿ, ಬೆನ್ನು ಉಜ್ಜಿ, ತಾಯಿಯ ಬರಿ ಎದೆ ಮೇಲೆ ಮಲಗಿಸಿ ಇಬ್ಬರಿಗೂ ಸೇರಿಸಿ ಹೊದಿಸಿ, ತಲೆಗೂ ಬಟ್ಟೆ. ಮಗು ಉಸಿರಾಡದಿದ್ದರೆ ಅದನ್ನೇ ಮೊದಲು ಫೋನಿನಲ್ಲಿ ಹೇಳಿ. ಮನೆಯ ಕತ್ತರಿಯಿಂದ ಬಳ್ಳಿ ಕತ್ತರಿಸಲು ಹೋಗಬೇಡಿ, ನೆರವು ಬರುವವರೆಗೆ ಹಾಗೇ ಇರಲಿ. ಬಳ್ಳಿ ಹಿಡಿದು ಮಾಸನ್ನು ಎಳೆಯಲೇಬೇಡಿ. ಮಗುವನ್ನು ಮೊಲೆಗೆ ಹಿಡಿಸಿ, ಅದರಿಂದಲೂ ಗರ್ಭಕೋಶ ಮುದುಡುತ್ತದೆ. ಮಾಸು ತಾನಾಗಿ ಬಂದಮೇಲೂ ರಕ್ತ ಸುರಿಯುತ್ತಿದ್ದರೆ ಹೊಕ್ಕುಳ ಕೆಳಗೆ ಅಂಗೈ ಇಟ್ಟು ಗಟ್ಟಿಯಾಗುವವರೆಗೆ ಜೋರಾಗಿ ಉಜ್ಜಿ. ಎಲ್ಲ ಚೆನ್ನಾಗಿದೆ ಅಂತ ಕಂಡರೂ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇಂಜೆಕ್ಷನ್ ಬೇಕು, ಮಗುವಿಗೆ ವಿಟಮಿನ್ ಕೆ ಬೇಕು. ಮಾಸು, ಬಟ್ಟೆ ಯಾವುದನ್ನೂ ಎಸೆಯಬೇಡಿ, ಒಂದು ಚೀಲದಲ್ಲಿ ಹಾಕಿ ಜೊತೆಗೇ ಒಯ್ಯಿರಿ. ಮಾಸು ಪೂರ್ತಿ ಬಂದಿದೆಯಾ, ಎಷ್ಟು ರಕ್ತ ಹೋಗಿದೆ ಅಂತ ಅಲ್ಲಿ ನೋಡಬೇಕಾಗುತ್ತದೆ.